1876ರ ಒರೆಗಾನ್: ಒಬ್ಬ ಪೋಸ್ಟ್‌ಮಾಸ್ಟರ್, ಒಂದು ಮತ

ಪ್ರಶ್ನೆ: ಮೇಡಂ, ತಾವು ಅಮೆರಿಕದ ಸಂವಿಧಾನದ ಇತಿಹಾಸವನ್ನು ಬೋಧಿಸುವವರಾದ್ದರಿಂದ ಕೇಳುತ್ತಿದ್ದೇನೆ. 1876ರ ಅಧ್ಯಕ್ಷೀಯ ಚುನಾವಣೆಯಲ್ಲಿ ಫ್ಲೋರಿಡಾ, ಲೂಸಿಯಾನಾ, ಸೌತ್ ಕೆರೊಲಿನಾಗಳಲ್ಲಿ ಎಣಿಕೆಯ ಬಗ್ಗೆಯೇ ತಕರಾರಿತ್ತು. ಒರೆಗಾನ್‌ನಲ್ಲಿ ಮಾತ್ರ ರಿಪಬ್ಲಿಕನ್ ಅಭ್ಯರ್ಥಿ ಹೇಯ್ಸ್ ಗೆದ್ದಿದ್ದರೆಂಬುದನ್ನು ಎಲ್ಲರೂ ಒಪ್ಪಿದ್ದರು. ಹೀಗಿದ್ದೂ ಅಲ್ಲಿನ ಒಂದು ಮತ ವಿವಾದಕ್ಕೆ ಸಿಲುಕಿದ್ದೇಕೆ?

ಉತ್ತರ: ಅಮೆರಿಕದಲ್ಲಿ ಅಧ್ಯಕ್ಷರನ್ನು ಅಂತಿಮವಾಗಿ ಆರಿಸುವುದು ಪ್ರತಿ ರಾಜ್ಯದ ಪರವಾಗಿ ಮತ ಹಾಕುವ ಎಲೆಕ್ಟರ್‌ಗಳು; ಒರೆಗಾನ್‌ಗೆ ಆಗ ಇದ್ದದ್ದು ಮೂವರೇ ಎಲೆಕ್ಟರ್‌ಗಳು. ಸುಮಾರು ಒಂದು ಸಾವಿರ ಮತಗಳ ಅಂತರದಿಂದ ಗೆದ್ದ ಮೂವರು ರಿಪಬ್ಲಿಕನ್ನರಲ್ಲಿ ಜಾನ್ ವಾಟ್ಸ್ ಎಂಬುವರು ಲಫಾಯೆಟ್ ಎಂಬ ಸಣ್ಣ ಊರಿನ ಪೋಸ್ಟ್‌ಮಾಸ್ಟರ್ ಆಗಿದ್ದರು. ಕೇಂದ್ರ ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆ ಹೊಂದಿದವರನ್ನು ಎಲೆಕ್ಟರ್ ಆಗಿ ನೇಮಿಸಕೂಡದೆಂದು ಸಂವಿಧಾನದ ಎರಡನೆಯ ವಿಧಿಯೇ ಹೇಳುತ್ತದೆ. ವಾಟ್ಸ್ ಹುದ್ದೆಗೆ ರಾಜೀನಾಮೆ ಕೊಟ್ಟರಾದರೂ ಅದು ಜನರ ಮತದಾನ ಮುಗಿದ ಮೇಲೆ. ಡೆಮಾಕ್ರಟ್ ಪಕ್ಷದ ಗವರ್ನರ್ ಲಫಾಯೆಟ್ ಗ್ರೋವರ್ ಇದನ್ನೇ ಹಿಡಿದುಕೊಂಡು, ವಾಟ್ಸ್ ಅನರ್ಹರಾದ್ದರಿಂದ ನಂತರದ ಸ್ಥಾನದಲ್ಲಿದ್ದ ಡೆಮಾಕ್ರಟ್ ಕ್ರೋನಿನ್ ಅವರೇ ಆಯ್ಕೆಯಾದರೆಂದು ಪ್ರಮಾಣಪತ್ರ ಕೊಟ್ಟರು.

ಎಲೆಕ್ಟರ್‌ಗಳು ಮತ ಹಾಕುವ ದಿನವಾದ ಡಿಸೆಂಬರ್ 6ರಂದು ಒರೆಗಾನ್‌ನ ರಾಜಧಾನಿ ಸೇಲಂನಲ್ಲಿ ನಡೆದದ್ದನ್ನು ಓದಿದರೆ ಇಂದಿಗೂ ಬೇಸರವಾಗುತ್ತದೆ. ಪ್ರಮಾಣಪತ್ರಗಳೆಲ್ಲ ಕ್ರೋನಿನ್ ಕೈಯಲ್ಲಿದ್ದವು. ಅವನ್ನು ಉಳಿದಿಬ್ಬರಿಗೆ ಕೊಡಲು ಅವರು ಒಪ್ಪಲಿಲ್ಲ. ಆ ಇಬ್ಬರು ರಿಪಬ್ಲಿಕನ್ನರು ಎಲೆಕ್ಟರ್ ಸ್ಥಾನಕ್ಕೂ ವಾಟ್ಸ್ ಕೊಟ್ಟ ರಾಜೀನಾಮೆಯನ್ನು ಅಂಗೀಕರಿಸಿ, ತೆರವಾದ ಜಾಗಕ್ಕೆ ಅವರನ್ನೇ ಮತ್ತೆ ನೇಮಿಸಿಕೊಂಡು, ಮೂರೂ ಮತಗಳನ್ನು ಹೇಯ್ಸ್‌ಗೆ ಹಾಕಿದರು. ಅತ್ತ ಕ್ರೋನಿನ್ ತಾವೇ ಇಬ್ಬರನ್ನು ನೇಮಿಸಿಕೊಂಡು, ತಮ್ಮ ಮತವನ್ನು ಡೆಮಾಕ್ರಟ್ ಅಭ್ಯರ್ಥಿ ಟಿಲ್ಡನ್‌ಗೂ ಉಳಿದೆರಡನ್ನು ಹೇಯ್ಸ್‌ಗೂ ಹಾಕಿಸಿದರು. ಹೀಗೆ ಒಂದೇ ರಾಜ್ಯದಿಂದ ಎರಡು ಲಕೋಟೆಗಳು ವಾಷಿಂಗ್ಟನ್ ತಲುಪಿದವು.

ವಾಟ್ಸ್ ಅನರ್ಹರಾಗಿದ್ದರೆಂಬುದು ನನ್ನ ಮಟ್ಟಿಗೆ ನಿಸ್ಸಂದೇಹ. ಆದರೆ ಗೆದ್ದವರು ಅನರ್ಹರಾದರೆ ಜಾಗ ತೆರವಾಗುತ್ತದೆಯೇ ಹೊರತು, ಜನ ತಿರಸ್ಕರಿಸಿದ ವ್ಯಕ್ತಿಗೆ ಅದು ದಕ್ಕುವುದಿಲ್ಲ. ಗ್ರೋವರ್ ಎಡವಿದ್ದು ಅಲ್ಲಿ.

ಪ್ರಶ್ನೆ: ಇಷ್ಟು ದುರ್ಬಲವಾದ ವಾದವನ್ನು ಡೆಮಾಕ್ರಟರು ಬಿಡದೆ ಹಿಡಿದದ್ದೇಕೆ?

ಉತ್ತರ: ಟಿಲ್ಡನ್ ಅವರಿಗೆ ನಿರ್ವಿವಾದವಾಗಿ 184 ಎಲೆಕ್ಟರ್ ಮತಗಳಿದ್ದವು, ಗೆಲುವಿಗೆ ಬೇಕಾದದ್ದು 185. ಅದಕ್ಕಿಂತ ಆಳವಾದ ಲೆಕ್ಕಾಚಾರವೂ ಇತ್ತು. ಗವರ್ನರ್ ಪ್ರಮಾಣಪತ್ರವೇ ಅಂತಿಮ ಎಂದಾದರೆ ಕ್ರೋನಿನ್ ಮತ ಸಿಂಧುವಾಗಬೇಕಿತ್ತು. ಅಂತಿಮವಲ್ಲ ಎಂದಾದರೆ ಫ್ಲೋರಿಡಾ, ಲೂಸಿಯಾನಾಗಳಲ್ಲಿ ಹೇಯ್ಸ್ ಪರವಾಗಿ ಕೊಟ್ಟಿದ್ದ ಪ್ರಮಾಣಪತ್ರಗಳ ಹಿಂದೆ ನಡೆದದ್ದನ್ನೂ ಕೆದಕಬೇಕಾಗುತ್ತಿತ್ತು. ಯಾವ ಉತ್ತರ ಬಂದರೂ ಟಿಲ್ಡನ್‌ಗೆ ಲಾಭ.

ವಿವಾದ ತೀರಿಸಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ರಚಿಸಿದ್ದ 15 ಸದಸ್ಯರ ಚುನಾವಣಾ ಆಯೋಗ ಈ ಇಕ್ಕಳದಿಂದ ಪಾರಾಗಲು ಮೂರನೆಯ ದಾರಿ ಹಿಡಿಯಿತು: ರಾಜ್ಯದ ಕಾನೂನಿನಂತೆ ಅಧಿಕೃತವಾಗಿ ನಡೆದ ಎಣಿಕೆಯೇ ಅಂತಿಮ, ಅದಕ್ಕೆ ವ್ಯತಿರಿಕ್ತವಾದ ಗವರ್ನರ್ ಪತ್ರ ನಿಲ್ಲದು. ಕ್ರೋನಿನ್ ಮತವನ್ನು ಡೆಮಾಕ್ರಟ್ ಸದಸ್ಯರೂ ಸೇರಿ ಹದಿನೈದೂ ಮಂದಿ ತಳ್ಳಿಹಾಕಿದರು. ವಾಟ್ಸ್ ಮತವನ್ನು ಸ್ವೀಕರಿಸುವ ಮಾತು ಬಂದಾಗ ಮಾತ್ರ ಆಯೋಗ ಮತ್ತೆ ಪಕ್ಷದ ಗೆರೆಯಲ್ಲೇ 8-7 ಆಗಿ ಸೀಳಿತು. 1877ರ ಮಾರ್ಚ್‌ನಲ್ಲಿ ಹೇಯ್ಸ್ 185-184ರಿಂದ ಗೆದ್ದರೆಂದು ಘೋಷಣೆಯಾಯಿತು. ಆ 185ರಲ್ಲಿ ಲಫಾಯೆಟ್‌ನ ಪೋಸ್ಟ್‌ಮಾಸ್ಟರ್ ಹಾಕಿದ ಮತವೂ ಒಂದು.