ತುರ್ತು: ‘ಬಿನೈನ್’, ‘ಸ್ಟೇನಿಂಗ್’ – ಕನ್ನಡದಲ್ಲಿ ಏನನ್ನೋಣ?

ಶಿರಸಿಯಿಂದ:
ಸ್ತನದ ಗಂಟುಗಳ ಬಗ್ಗೆ ಒಂದು ಕರಪತ್ರವನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೋಮವಾರ ಪ್ರೆಸ್ಸಿಗೆ ಹೋಗಬೇಕು. ಬಿನೈನ್ (ಕ್ಯಾನ್ಸರ್ ಅಲ್ಲ ಎಂಬರ್ಥ), ಸ್ಟೇನಿಂಗ್ (ಸೂಕ್ಷ್ಮದರ್ಶಕದಲ್ಲಿ ಕಾಣಲು ಅಂಗಾಂಶಕ್ಕೆ ಬಣ್ಣ ಕೊಡುವುದು), ಹೈಪರ್‌ಪ್ಲೇಸಿಯಾ (ಕೋಶಗಳ ಸಂಖ್ಯೆ ಹೆಚ್ಚುವುದು) ಮೂರಕ್ಕೂ ಕನ್ನಡ ಪದ ಸಿಗದೆ ಸಿಕ್ಕಿಕೊಂಡಿದ್ದೇನೆ. ಹಳೇ ಕರಡಿನಲ್ಲಿ ‘ಸೌಮ್ಯ ಸ್ತನರೋಗದಲ್ಲಿ ಅಂಗಾಂಶಕ್ಕೆ ಕಲೆ ಹಾಕಿ’ ಎಂದಿದೆ. ಅಂಗಿಗೆ ಅಡಿಕೆ ಚೊಗರು ಹತ್ತಿದ ಹಾಗಾಯಿತು, ಅಲ್ವಾ?

ಕುಮಟಾದಿಂದ:
ಸ್ಟೇನಿಂಗ್‌ಗೆ ರಂಜನ. ನಿಘಂಟು ತೆರೆಯುವ ಅಭ್ಯಾಸ ಇಟ್ಟುಕೊಳ್ಳಿ. ರಂಜ್ ಧಾತುವಿಗೆ ಬಣ್ಣವೇರುವುದೆಂದೇ ಅರ್ಥ. ಮನರಂಜನೆಯೆಲ್ಲ ಆಮೇಲಿನದು.

ಹೊನ್ನಾವರದಿಂದ:
ರಂಜಕ ಅಂದರೆ ಶಾಲೆ ಪುಸ್ತಕದಲ್ಲಿ ಫಾಸ್ಫರಸ್. ಸಂಸ್ಕೃತ ಯಾಕೆ? ಅಚ್ಚಗನ್ನಡದ ‘ಬಣ್ಣವೇರಿಕೆ’ ಇದೆಯಲ್ಲ.

ಕುಮಟಾದಿಂದ:
ಬಣ್ಣ, ‘ವರ್ಣ’ದ ತದ್ಭವ. ನಿಮ್ಮ ಅಚ್ಚಗನ್ನಡ ಅಲ್ಲೇ ಮುಗಿಯಿತು.

ಕಾರವಾರದಿಂದ:
ನಾನು ಲ್ಯಾಬಿನಲ್ಲಿ ಕೆಲಸ ಮಾಡುವವಳು. ಜಗಳ ಆಮೇಲಿರಲಿ ಮಾರಾಯ್ರೇ. ಗಂಟಿನಿಂದ ತೆಗೆದ ತುಣುಕನ್ನು ಕೆಡದ ಹಾಗೆ ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ನಾಲ್ಕೈದು ಮೈಕ್ರಾನ್ ತೆಳುವಾಗಿ ಕತ್ತರಿಸುತ್ತೇವೆ. ಹಾಗೇ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಹೆಮಟಾಕ್ಸಿಲಿನ್ ಎಂಬ ಬಣ್ಣ ಹಾಕಿದರೆ ಕೋಶದ ನ್ಯೂಕ್ಲಿಯಸ್ ನೀಲಿ-ನೇರಳೆ, ಇಯೋಸಿನ್ ಎಂಬುದನ್ನು ಹಾಕಿದರೆ ಸುತ್ತಲಿನದು ಗುಲಾಬಿ. ಆಗ ಹಾಲಿನ ನಾಳದ ಗೋಡೆ ಎದ್ದು ಕಾಣುತ್ತದೆ. ಸರಿ ಇರುವ ನಾಳಕ್ಕೆ ಕೋಶಗಳ ಎರಡೇ ಪದರ. ಒಳಗಡೆ ಜಾಸ್ತಿ ಪದರ ಕಂಡರೆ ಅದೇ ಹೈಪರ್‌ಪ್ಲೇಸಿಯಾ.

ನಮ್ಮಲ್ಲಿ ‘ಸ್ಟೇನ್ ಆಯ್ತಾ?’ ಅಂತಲೇ ಕೇಳುವುದು. ಕರಪತ್ರಕ್ಕೆ ‘ಬಣ್ಣ ಹಾಕಿ ನೋಡುವುದು’ ಸಾಕು. ‘ಬಣ್ಣ ಹಚ್ಚುವುದು’ ಬೇಡ, ಅದು ಯಕ್ಷಗಾನದವರಿಗಿರಲಿ.

‘ಸೌಮ್ಯ’ ಅಂದರೆ ಜನ ಸಣ್ಣ ಕ್ಯಾನ್ಸರ್ ಎಂದುಕೊಂಡಾರು. ‘ನಿರಪಾಯ’ ಅಂತೂ ಬೇಡವೇ ಬೇಡ. ಗಂಟು ಕ್ಯಾನ್ಸರ್ ಅಲ್ಲದಿದ್ದರೂ, ಕೋಶಗಳು ಹೆಚ್ಚಾಗಿ, ಅವುಗಳ ರೂಪವೂ ಬದಲಾಗಿದ್ದರೆ ಮುಂದೆ ಕ್ಯಾನ್ಸರ್ ಬರುವ ಸಂಭವ ಬೇರೆ ಹೆಂಗಸರಿಗಿಂತ ಸುಮಾರು 4 ಪಟ್ಟು. ಬರೀ ಹೆಚ್ಚಾಗಿದ್ದರೆ ಒಂದೂವರೆಯಿಂದ ಎರಡು ಪಟ್ಟು. ‘ಕ್ಯಾನ್ಸರ್ ಅಲ್ಲದ ಗಂಟು’ ಅನ್ನಿ. ಅಷ್ಟು ಮಾತ್ರ ನಿಜ.

ಹೊನ್ನಾವರದಿಂದ:
ಹೆಮಟಾಕ್ಸಿಲಿನ್ನನ್ನು ಹಾಗೇ ಬಿಟ್ಟಿರಾ? ಗ್ರೀಕಿನ ನೆತ್ತರು ಮತ್ತು ಮರ ಸೇರಿ ಆದ ಹೆಸರು ಅದು. ಮಧ್ಯ ಅಮೆರಿಕದ ಮರದ ತಿರುಳಿನಿಂದ ತೆಗೆಯುವ ಬಣ್ಣ. ‘ನೆತ್ತರ್ಮರದ ಬಣ್ಣ’ ಅನ್ನಲು ಏನು ಅಡ್ಡಿ?

ಕಾರವಾರದಿಂದ:
ಬಾಟಲಿ ಮೇಲೆ ಹಾಗೆ ಬರೆದಿಲ್ಲ. ಅದೇ ಅಡ್ಡಿ.

ಕುಮಟಾದಿಂದ:
ಹಾಗಾದರೆ ಎಲ್ಲ ಇಂಗ್ಲಿಷಿನಲ್ಲೇ ಇರಲಿ. ಕನ್ನಡ ಪದ ಹುಡುಕುವ ಈ ಗುಂಪಾದರೂ ಯಾಕೆ?

ಕಾರವಾರದಿಂದ:
ನೀವು ಕೂತ ಕುರ್ಚಿ ಅರಬ್ಬಿ. ಎದ್ದು ನಿಂತು ಬರೆಯುತ್ತೀರಾ?

ಶಿರಸಿಯಿಂದ:
‘ಬಣ್ಣ ಹಾಕಿ ನೋಡುವುದು’, ‘ಕ್ಯಾನ್ಸರ್ ಅಲ್ಲದ ಗಂಟು’ ಎರಡನ್ನೂ ತೆಗೆದುಕೊಂಡೆ. ಹೈಪರ್‌ಪ್ಲೇಸಿಯಾಕ್ಕೆ ‘ಕೋಶಗಳು ಜಾಸ್ತಿಯಾಗುವುದು’ ಎಂದು ಹಾಕುತ್ತೇನೆ. ತಕರಾರಿದ್ದವರು ಭಾನುವಾರದೊಳಗೆ ತಿಳಿಸಿ.