ಘಟಪ್ರಭೆಯ ಬಾಂದಾರ, ಮುಂಗಾರಿನ ಮೀನು: ತಡೆ ಐತಿ ಅಂತ ತೋರಿಸೋದು ಹೆಂಗ?

ಮುಧೋಳದ ವಿದ್ಯಾರ್ಥಿ:
ನಂದು ಬಿ.ಎಫ್.ಎಸ್‌ಸಿ (ಮೀನುಗಾರಿಕೆ ಪದವಿ) ಮೂರನೇ ವರ್ಷರಿ. ಮೀನಿನ ವಲಸೆ, ನದಿ ಪುನಶ್ಚೇತನದಾಗ ಮುಂದುವರೀಬೇಕು ಅಂತದೀನಿ. ಆಲಮಟ್ಟಿ ಹಿನ್ನೀರಿನಿಂದ ತತ್ತಿ ಇಡಾಕ ಘಟಪ್ರಭಾ ಏರೋ ಮೀನಿಗೆ ಬಾಂದಾರ (ಹಲಗೆ ಹಾಕಿ ನೀರು ನಿಲ್ಲಿಸೋ ಒಡ್ಡು) ಅಡ್ಡ ಆಗ್ತಾವು ಅಂತ ಹೆಂಗ ಸಾಬೀತು ಮಾಡೋದು? ಮೀನೇಣಿ (ಮೀನು ಏರಾಕ ಮೆಟ್ಟಿಲು ಮೆಟ್ಟಿಲಾಗಿ ಮಾಡೋ ನೀರಿನ ದಾರಿ) ಕಟ್ಟಿದ್ರ ಸಾಕೇನ್ರಿ? ಎಂ.ಎಫ್.ಎಸ್‌ಸಿಗೆ (ಸ್ನಾತಕೋತ್ತರ ಪದವಿ) ಯಾವ ವಿಷಯ ತಗೋಬೇಕು?

ಜಮಖಂಡಿ:
ಏಣಿಯ ಮಾತು ಆಮೇಲೆ. ಬಾಂದಾರದ ಕೆಳಗೂ ಮೇಲೂ ಒಂದೇ ಗಾತ್ರದ ಕಣ್ಣುಗಳಿರುವ ಬಲೆಯನ್ನು ಒಂದೇ ಹೊತ್ತು ಬಿಡಿ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಹಿಡಿದದ್ದನ್ನು ತಾಸಿನ ಲೆಕ್ಕದಲ್ಲಿ ಬರೆಯಿರಿ. ಪ್ರವಾಹದಲ್ಲಿ ಕಟ್ಟುಬಲೆ ಕಸ ತುಂಬಿ ಹರಿದುಹೋಗುತ್ತದೆ, ಆಗ ಬೀಸುಬಲೆಗೆ ಹೋದರೆ ಎರಡೂ ಕಡೆ ಬೀಸುಬಲೆಯೇ ಇರಲಿ. ಎರಡು ಬಲೆಗಳ ಅಂಕಿಗಳನ್ನು ಕೂಡಿಸಬೇಡಿ.

ಕೆಳಗೆ ಮೀನು ಹೆಚ್ಚಿದ್ದರಷ್ಟೇ ಸಾಲದು, ಮಡು ಆಳವಿದ್ದರೂ ಮೀನು ಗುಂಪುಗೂಡುತ್ತದೆ. ತತ್ತಿಕೋಶದ ತೂಕ ಮೈತೂಕದ ಶೇಕಡಾ ಎಷ್ಟೆಂದು ನೋಡಿ. ಕೆಳಗೆ ತತ್ತಿ ತುಂಬಿದ ಹೆಣ್ಣುಗಳು ನಿಂತಿವೆ, ಮೇಲೆ ಮರಿಗಳೇ ಇಲ್ಲ ಎಂದರೆ ಅದು ಗಟ್ಟಿ ಪುರಾವೆ.

ಮೀನಿನ ಗುರುತಿಗೆ ಮೈಯೊಳಗೆ ಇಡುವ ಪಿಐಟಿ ಟ್ಯಾಗ್ ಸಾಮಾನ್ಯವಾಗಿ 12 ಮಿ.ಮೀ. ಉದ್ದ, ಬ್ಯಾಟರಿ ಇಲ್ಲ. ಮೀನು ಟ್ಯಾಗನ್ನು ಓದುವ ಆಂಟೆನಾದ ತೀರ ಹತ್ತಿರ ಹಾಯಬೇಕು. ಅಗಲದ ಹೊಳೆಗೆ ಅದು ಒಗ್ಗದು, ಏಣಿಯ ಸೀಳಿಗೆ (ಮೆಟ್ಟಿಲುಗಳ ನಡುವಿನ ಗೋಡೆಯ ಕಿಂಡಿಗೆ) ಒಳ್ಳೆಯದು.

ಗೋಕಾಕ:
ಏಣಿ ಸೋಲುವುದು ಹೆಚ್ಚಾಗಿ ಬಾಯಿಯಲ್ಲಿ, ಅಂದರೆ ಮೀನು ಏಣಿಯೊಳಗೆ ಹೋಗುವ ಜಾಗದಲ್ಲಿ. ಮೀನು ಜೋರು ಸೆಳವನ್ನು ಹಿಡಿದು ಗೋಡೆಯ ಬುಡಕ್ಕೇ ಬರುತ್ತದೆ. ಬಾಯಿ ಕೆಳಗೆಲ್ಲೋ ದೂರವಿದ್ದರೆ ಅದನ್ನು ದಾಟಿಯೇ ಹೋಗುತ್ತದೆ.

ಮೆಟ್ಟಿಲಿಗೆ 30 ಸೆಂ.ಮೀ. ಇಳಿತ ಕೊಟ್ಟರೆ ಸೀಳಿನಲ್ಲಿ ನೀರಿನ ವೇಗ ಸೆಕೆಂಡಿಗೆ ಸುಮಾರು 2.4 ಮೀಟರ್, 15 ಸೆಂ.ಮೀ. ಆದರೆ 1.7. ಸಣ್ಣ ಮೀನಿಗೆ ಅದೂ ಹೆಚ್ಚೇ. 3 ಮೀಟರ್ ಏರಲು 15ರ ಲೆಕ್ಕದಲ್ಲಿ 20 ಇಳಿತ ಬೇಕು. ಜಿಗಿಯುವ ಸಾಲ್ಮನ್‌ಗೆಂದು ಮಾಡಿದ ನಕ್ಷೆ ನಮಗೆ ಬೇಡ. ತಳ ಹಿಡಿದು ಈಜುವ ಮೀನುಗಳಿಗೆ ಸೀಳು ತಳದವರೆಗೂ ತೆರೆದಿರಬೇಕು, ತಳದಲ್ಲಿ ಒರಟು ಕಲ್ಲು ಹಾಸಬೇಕು. ಪ್ರತಿ ನೆರೆಯ ನಂತರ ಕಸ ತೆಗೆಯುವವರು ಬೇಕು. ಬಾಯಿಗೆ ಬಲೆ ಕಟ್ಟದಂತೆ ಅಂಬಿಗರ ಸಂಘದೊಡನೆ ಮೊದಲೇ ಮಾತಾಡಿ.

ನನ್ನ ಕೇಳಿದರೆ ಅಗ್ಗದ ದಾರಿ ಬೇರೆಯದೇ ಇದೆ: ಮೊದಲ ಹೊಸನೀರು ಬರುವ ಮುಂಚೆಯೇ ಹಲಗೆ ಕೀಳಿಸುವುದು. ಮೇಲಿನ, ಕೆಳಗಿನ ನೀರಿನ ಮಟ್ಟ ಹತ್ತಿರ ಬಂದರೆ ಬಲವಾದ ಮೀನುಗಳು ಏಣಿಯಿಲ್ಲದೆ ದಾಟುತ್ತವೆ. ತಡವಾದರೆ ಆ ವರ್ಷದ ಮೊದಲ ಏರಾಟವೇ ತಪ್ಪಿತು. ಮೇಲೆ ಹರಿವ ನೀರೂ ಇರಬೇಕು. ನಿಂತ ನೀರಿನಲ್ಲಿ ಗೆಂಡೆ ಜಾತಿಯ ತತ್ತಿ ಹೂಳಿನಲ್ಲಿ ಮುಳುಗುತ್ತದೆ.

ಜಮಖಂಡಿ:
ಓದಿನ ಬಗ್ಗೆ: ಮೀನುಗಾರಿಕೆ ಸಂಪನ್ಮೂಲ ನಿರ್ವಹಣೆ ಇಲ್ಲವೇ ಜಲಪರಿಸರ ನಿರ್ವಹಣೆ ತಗೊಳ್ಳಿ. ಜತೆಗೆ ಹೈಡ್ರಾಲಿಕ್ಸ್ (ನೀರಿನ ಹರಿವಿನ ಶಾಸ್ತ್ರ) ಕಲಿಯಲೇಬೇಕು, ಇಲ್ಲದಿದ್ದರೆ ನೀರಾವರಿ ಎಂಜಿನಿಯರ್ ಮುಂದೆ ನಿಮ್ಮ ಮಾತು ನಡೆಯದು. ಬ್ಯಾರಕ್‌ಪುರದ ಸಿಫ್ರಿ (ಸ್ಥಾಪನೆ 1947) ನದಿ, ಜಲಾಶಯದಂಥ ಒಳನಾಡು ನೀರಿನ ಮೀನುಗಾರಿಕೆಗೇ ಮೀಸಲಾದ ಕೇಂದ್ರ ಸಂಶೋಧನಾ ಸಂಸ್ಥೆ. ಅಲ್ಲಿ ವಿಜ್ಞಾನಿಯಾಗಲು ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿಯಾದ ಎಎಸ್‌ಆರ್‌ಬಿಯ ಎಆರ್‌ಎಸ್ ಪರೀಕ್ಷೆ ಬರೆಯಬೇಕು.