ತುರ್ತು: ‘ವರ್ಜಿಸುವ ವಿಧಾನ’ಕ್ಕೆ ಹಗುರವಾದ ಪದ ಬೇಕು

ಕೊಪ್ಪಳದಿಂದ:
ಹೈಸ್ಕೂಲಿನ ಗೋಡೆಗೆ ಎರಡು ಚರಾಕ್ಷರಗಳ ಸಮೀಕರಣದ ಫಲಕ ಬರೆಸುತ್ತಿದ್ದೇವೆ, ಪೇಂಟರ್ ನಾಳೆ ಬೆಳಿಗ್ಗೆ ಬರುತ್ತಾರೆ. ಲೆಕ್ಕ ಹೀಗಿದೆ: ಗಂಗಾವತಿಯ ಮಿಲ್ಲಿನಿಂದ ಹೊರಟ ಲಾರಿಯಲ್ಲಿ 25 ಕಿಲೊ ಮತ್ತು 50 ಕಿಲೊ ಅಕ್ಕಿ ಚೀಲ ಸೇರಿ 120, ಒಟ್ಟು ತೂಕ 4 ಟನ್. ಯಾವುವು ಎಷ್ಟು? ಸಣ್ಣ ಚೀಲಗಳ ಸಂಖ್ಯೆ ಸ, ದೊಡ್ಡವುಗಳದು ದ.

ಸ + ದ = 120
25ಸ + 50ದ = 4000

ಎರಡನೆಯದನ್ನು 25ರಿಂದ ಭಾಗಿಸಿದರೆ ಸ + 2ದ = 160. ಅದರಿಂದ ಮೊದಲನೆಯದನ್ನು ಕಳೆದರೆ ದ = 40, ಹಾಗಾಗಿ ಸ = 80. ಹೀಗೆ ಒಂದು ಅಕ್ಷರವನ್ನು ಇಲ್ಲವಾಗಿಸಿ ಬಿಡಿಸುವುದಕ್ಕೆ ಪಠ್ಯ ಕೊಟ್ಟ ಹೆಸರು ‘ವರ್ಜಿಸುವ ವಿಧಾನ’, ಅದು ಮಕ್ಕಳ ನಾಲಿಗೆಗೆ ಹತ್ತುತ್ತಿಲ್ಲ. ‘ಕಳೆಯುವ ವಿಧಾನ’ ಎಂದು ಬರೆಸಲೆ?

ರಾಯಚೂರಿನಿಂದ:
ಬ್ಯಾಡ್ರಿ ಮಾಸ್ತರ್ರೇ. 3ಸ + 2ದ ಒಂದು ಕಡೆ, 5ಸ − 2ದ ಇನ್ನೊಂದು ಕಡೆ ಇದ್ದರೆ ಕೂಡಬೇಕು. ಆಗಲೇ ದ ಹೋಗುವುದು. ಗೋಡೆ ಓದಿದ ಹುಡುಗ ಅಲ್ಲೂ ಕಳೆದು 4ದ ಉಳಿಸಿಕೊಂಡು ಕೂರುತ್ತಾನೆ. ‘ನೀಗಿಸುವ ಬಗೆ’ ಎನ್ನಿ. ಒಂದು ಅಕ್ಷರದ ಜಾಗದಲ್ಲಿ ಅದಕ್ಕೆ ಸಮನಾದದ್ದನ್ನು ಇಡುವ ಆದೇಶ ವಿಧಾನಕ್ಕೆ ‘ಬದಲಿಡುವ ಬಗೆ’. ಎಲ್ಲದಕ್ಕೂ ಸಂಸ್ಕೃತದ ಸಾಲ ಯಾಕೆ?

ಸಿಂಧನೂರಿನಿಂದ:
‘ವಜಾ’ ಆಗುವುದಿಲ್ಲವೆ? ಅಡತಿ ಅಂಗಡಿಯ ಪಟ್ಟಿಯಲ್ಲಿ ಹಮಾಲಿ ವಜಾ ಅಂತಲೇ ಬರೆಯುತ್ತಾರೆ.

ರಾಯಚೂರಿನಿಂದ:
ಅದೂ ಕಳೆಯುವುದೇ. ಮೇಲೆ ಬರೆದದ್ದು ಓದಿ.

ಬಳ್ಳಾರಿಯಿಂದ:
ನೀಗಿಸುವುದು ಹಸಿವನ್ನು, ಚರಾಕ್ಷರವನ್ನಲ್ಲ. ವರ್ಜಿಸು ‘ವೃಜ್’ ಧಾತುವಿನದು; ಪಂಚಾಂಗದಲ್ಲಿ ವರ್ಜ್ಯ ನೋಡುವ ಮನೆಯ ಮಕ್ಕಳಿಗೆ ಇದು ಹೊಸದಲ್ಲ. ಭಾಸ್ಕರಾಚಾರ್ಯರಲ್ಲಿ ‘ಅನೇಕವರ್ಣ ಸಮೀಕರಣ’ ಎಂದೇ ಇದೆ, ಅವ್ಯಕ್ತಗಳಿಗೆ, ಅಂದರೆ ಕಂಡುಹಿಡಿಯಬೇಕಾದ ಸಂಖ್ಯೆಗಳಿಗೆ, ಕಾಲಕ, ನೀಲಕ ಎಂದು ಬಣ್ಣದ ಹೆಸರು. ಕೂಡುವುದೂ ಕಳೆಯುವುದೂ ಒಂದೇ ಲೆಕ್ಕದಲ್ಲಿ ಬೇಕಿದ್ದರೆ 9ನೇ ಶತಮಾನದ ಮಹಾವೀರಾಚಾರ್ಯರ ಗಣಿತಸಾರಸಂಗ್ರಹ ನೋಡಿ. 9 ಮಾದಲ ಹಣ್ಣು, 7 ಬೇಲದ ಹಣ್ಣಿಗೆ ಬೆಲೆ 107. 7 ಮಾದಲ, 9 ಬೇಲಕ್ಕೆ 101. ಕೂಡಿ 16ರಿಂದ ಭಾಗಿಸಿದರೆ ಎರಡರ ಬೆಲೆಯ ಮೊತ್ತ 13, ಕಳೆದು 2ರಿಂದ ಭಾಗಿಸಿದರೆ ವ್ಯತ್ಯಾಸ 3. ಮಾದಲ 8, ಬೇಲ 5. ಇದನ್ನೇ ಬರೆಸಿ.

ಅಂದಹಾಗೆ, ಪದಕ್ಕಿಂತ ದೊಡ್ಡ ತಪ್ಪು ಆ ಸ, ದ. ವಸ್ತುವಿನ ಮೊದಲಕ್ಷರ ಇಟ್ಟರೆ 25ಸ ಎಂಬುದನ್ನು ‘25 ಸಣ್ಣ ಚೀಲ’ ಎಂದು ಓದುತ್ತಾರೆ. ಅಕ್ಷರ ನಿಂತಿರುವುದು ಚೀಲಕ್ಕಲ್ಲ, ಚೀಲಗಳ ಸಂಖ್ಯೆಗೆ. 25 ಎಂಬುದು ಒಂದೊಂದರ ತೂಕ.

ರಾಯಚೂರಿನಿಂದ:
ಮಹಾವೀರ ಬರೆದದ್ದು ಸಂಸ್ಕೃತದಲ್ಲಿ. ಕನ್ನಡದಲ್ಲೇ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯ ನೆನಪಾಗಲಿಲ್ಲವೇನ್ರಿ?

ಬಳ್ಳಾರಿಯಿಂದ:
ವ್ಯವಹಾರ ಸಂಸ್ಕೃತ, ಗಣಿತ ಸಂಸ್ಕೃತ. ಅಚ್ಚಗನ್ನಡ ಎಲ್ಲಿದೆ ಅದರಲ್ಲಿ?

ಕೊಪ್ಪಳದಿಂದ:
ನಿಮ್ಮ ಜಗಳ ಮುಗಿಯುವವರೆಗೆ ಪೇಂಟರ್ ಕಾಯುವುದಿಲ್ಲ. ‘ಒಂದು ಅಕ್ಷರ ತೆಗೆಯುವ ವಿಧಾನ’ ಎಂದು ದಪ್ಪಗೆ, ಅದರ ಕೆಳಗೆ ಸಣ್ಣದಾಗಿ ‘ವರ್ಜಿಸುವ ವಿಧಾನ’. ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಸ, ದ ಹೋಗಿ ಪಠ್ಯದ ಎಕ್ಸ್, ವೈ ಬರುತ್ತವೆ. ‘4 ಟನ್ = 4000 ಕಿಲೊ’ ಎಂಬುದು ಮೊದಲ ಸಾಲಿಗೆ, ಇಲ್ಲದಿದ್ದರೆ ಅರ್ಧ ತರಗತಿ ಬಲಗಡೆ ಬರೀ 4 ಇಡುತ್ತದೆ.

ರಾಯಚೂರಿನಿಂದ:
‘ತೆಗೆಯುವ’ ಸರಿ. ‘ವಿಧಾನ’ ಇನ್ನೂ ಹಾಗೇ ಇದೆ.